ಪಕ್ಷದೊಳಗಿನ ದೂರು ಯಾರ ಕೈ ಸೇರುತ್ತದೆ?

ಯಾವುದೇ ರಾಜಕೀಯ ಪಕ್ಷದ ಕಚೇರಿಗೆ ಹೋಗಿ, ‘ಇಲ್ಲಿ ಕಿರುಕುಳದ ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು?’ ಎಂದು ಕೇಳಿ ನೋಡಿ. ಬಹುತೇಕ ಕಡೆ ಸಿಗುವ ಉತ್ತರ: ‘ಅಧ್ಯಕ್ಷರ ಗಮನಕ್ಕೆ ತನ್ನಿ, ಅವರು ನೋಡಿಕೊಳ್ತಾರೆ.’ ಟಿಕೆಟ್ ಹಂಚುವವರು ಅಧ್ಯಕ್ಷರು, ಪದಾಧಿಕಾರಿಗಳನ್ನು ನೇಮಿಸುವವರು ಅಧ್ಯಕ್ಷರು, ಬಣಗಳ ಜಗಳ ಸಂಭಾಳಿಸುವವರೂ ಅವರೇ. ಅವರ ಮೇಜಿಗೆ ಬಂದ ದೂರನ್ನು ಮೊದಲು ಅಳೆಯುವುದು ಯಾವ ಬಣದ ಕೈ ಮೇಲಾಗುತ್ತದೆ, ಯಾವ ಕ್ಷೇತ್ರ ಕೈತಪ್ಪುತ್ತದೆ ಎಂಬ ಲೆಕ್ಕದಲ್ಲಿ. ಏನು ನಡೆಯಿತು ಎಂಬ ಪ್ರಶ್ನೆ ಆಮೇಲೆ, ಬಂದರೆ ಬಂತು.

ನೀತಿ ಸಂಹಿತೆ ಎಷ್ಟೇ ಚೆಂದವಾಗಿ ಬರೆದಿರಲಿ, ದೂರು ಪಡೆಯುವ, ವಿಚಾರಣೆ ನಡೆಸುವ, ಶಿಕ್ಷೆ ನಿರ್ಧರಿಸುವ ಕೈಗಳು ಟಿಕೆಟ್ ಕೊಡುವ ಕೈಗಳಿಂದ ಬೇರೆಯಾಗದಿದ್ದರೆ ಅದು ಪ್ರಣಾಳಿಕೆಯ ಜೊತೆ ಅಚ್ಚಾದ ಇನ್ನೊಂದು ಕಿರುಹೊತ್ತಿಗೆ, ಅಷ್ಟೇ. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಆ ಬೇರ್ಪಡಿಕೆಯನ್ನು ಸಾಧಿಸುವುದು ಹೇಗೆ, ಅದು ಎಲ್ಲೆಲ್ಲಿ ಮುರಿದು ಬೀಳುತ್ತದೆ ಎಂಬುದರ ಸುತ್ತಲೇ ಇದೆ.

ಕಂಪನಿಯ ನಿಯಮ ಇಲ್ಲಿ ಯಾಕೆ ನಡೆಯುವುದಿಲ್ಲ

ಕಂಪನಿಗಳ ಕಿರುಕುಳ ತಡೆ ನಿಯಮಾವಳಿಯನ್ನು ಹೆಸರು ಬದಲಿಸಿ ಪಕ್ಷಕ್ಕೆ ಅಂಟಿಸಿಕೊಳ್ಳುವುದು ಮೊದಲ ತಪ್ಪು. ಕಂಪನಿಯಲ್ಲಿ ಮಾಲೀಕರಿದ್ದಾರೆ, ಸಂಬಳವಿದೆ, ನೇಮಕಾತಿ ಪತ್ರವಿದೆ. ಪಕ್ಷದ ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ಈ ಮೂರೂ ಇಲ್ಲ. ಬೂತ್ ಮಟ್ಟದ ಕಾರ್ಯಕರ್ತೆಗೆ ಸಂಬಳ ಬರುವುದಿಲ್ಲ, ಆದರೆ ಆಕೆಯ ರಾಜಕೀಯ ಭವಿಷ್ಯ ಪೂರ್ತಿ ಮೇಲಿನವರ ಕೈಯಲ್ಲಿರುತ್ತದೆ: ವೇದಿಕೆಯ ಮೇಲೆ ಕುರ್ಚಿ, ಸಮಿತಿಯಲ್ಲಿ ಸ್ಥಾನ, ನಾಯಕರ ಭೇಟಿಗೆ ಅವಕಾಶ, ಕೊನೆಗೆ ಟಿಕೆಟ್. ಇವುಗಳನ್ನು ಕಸಿದುಕೊಳ್ಳಲು ಯಾರೂ ಲಿಖಿತ ಆದೇಶ ಕೊಡಬೇಕಿಲ್ಲ. ಮುಂದಿನ ಸಭೆಗೆ ಕರೆಯದಿದ್ದರೆ ಸಾಕು.

ಕಾನೂನಿಗೂ ಇದೇ ತೊಡಕು ಎದುರಾಗಿದೆ. ಭಾರತದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕೆಲಸದ ಜಾಗಗಳಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿತು. ಪಕ್ಷಕ್ಕೂ ಸದಸ್ಯರಿಗೂ ನಡುವೆ ಮಾಲೀಕ–ನೌಕರ ಸಂಬಂಧವಿಲ್ಲ, ಹಾಗಾಗಿ ಪಕ್ಷಗಳು ಅಂಥ ಸಮಿತಿ ರಚಿಸುವ ಹೊಣೆ ಹೊರುವುದಿಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆ ತೀರ್ಪಿನ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ತಳ್ಳಿಹಾಕಿತು. ಕಾನೂನು ಕಡ್ಡಾಯ ಮಾಡದಿದ್ದರೆ ಪಕ್ಷ ತಾನಾಗಿ ಮಾಡಿಕೊಳ್ಳಬಾರದು ಎಂದೇನೂ ಇಲ್ಲವಲ್ಲ. ಆ ಕಾಯ್ದೆಯ ಚೌಕಟ್ಟಿನಲ್ಲಿ ಎರವಲು ಪಡೆಯಲು ಬೇಕಾದಷ್ಟಿದೆ. ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು, 90 ದಿನಗಳಲ್ಲಿ ವಿಚಾರಣೆ ಮುಗಿಸುವ ಗಡುವು, ದೂರನ್ನು ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಸುಳ್ಳು ದೂರು ಎನ್ನಬಾರದೆಂಬ ನಿಯಮ. ಕೊನೆಯದನ್ನಂತೂ ಪ್ರತಿಯೊಂದು ಪಕ್ಷವೂ ತನ್ನ ನಿಯಮಾವಳಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಬೇಕು.

ವ್ಯಾಪ್ತಿಯ ವಿಷಯಕ್ಕೆ ಬಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2019ರಲ್ಲಿ ಅಂಗೀಕಾರವಾದ ಅದು ಸಂಬಳದವರ ಜೊತೆಗೆ ಸ್ವಯಂಸೇವಕರು, ತರಬೇತಿಯಲ್ಲಿರುವವರು, ಕೆಲಸ ಹುಡುಕುತ್ತಿರುವವರನ್ನೂ ಸೇರಿಸಿಕೊಳ್ಳುತ್ತದೆ. ಕೆಲಸಕ್ಕೆಂದು ಮಾಡುವ ಪ್ರಯಾಣ, ಉಳಿದುಕೊಳ್ಳುವ ಕೊಠಡಿ, ಕೆಲಸಕ್ಕೆ ಸಂಬಂಧಿಸಿದ ಔತಣಕೂಟ, ಫೋನ್ ಮತ್ತು ಸಂದೇಶಗಳೂ ಅದರ ಒಳಗೆ ಬರುತ್ತವೆ. ಪಕ್ಷದ ನಿಯಮಾವಳಿಯಲ್ಲಿ ‘ಕೆಲಸ ಹುಡುಕುತ್ತಿರುವವರು’ ಎಂಬಲ್ಲಿ ‘ಟಿಕೆಟ್ ಆಕಾಂಕ್ಷಿಗಳು’ ಎಂದು ಓದಿಕೊಳ್ಳಿ. ಅತ್ಯಂತ ಅಪಾಯದಲ್ಲಿರುವವರು ಅವರೇ. ಆಕಾಂಕ್ಷಿ ಇನ್ನೂ ಅಭ್ಯರ್ಥಿಯಲ್ಲ, ಕೆಲವೊಮ್ಮೆ ಸದಸ್ಯತ್ವವೂ ಆಗಿರುವುದಿಲ್ಲ. ‘ಪಕ್ಷಕ್ಕೆ ಸಂಬಂಧಿಸಿದವರಲ್ಲ’ ಎಂದು ಕೈತೊಳೆದುಕೊಳ್ಳಲು ಅಷ್ಟೇ ಸಾಕಾಗುತ್ತದೆ.

ಇನ್ನು ಯಾವುದನ್ನು ಕಿರುಕುಳ ಎನ್ನುವುದು ಎಂಬ ಪಟ್ಟಿ. ಲೈಂಗಿಕ ಕಿರುಕುಳ, ಹಲ್ಲೆ, ಬೆದರಿಕೆ, ಜಾತಿ, ಧರ್ಮ, ಜನಾಂಗ, ಲಿಂಗದ ನಿಂದನೆ ಎಲ್ಲ ಪಟ್ಟಿಗಳಲ್ಲೂ ಇರುತ್ತವೆ. ರಾಜಕೀಯಕ್ಕೇ ವಿಶಿಷ್ಟವಾದವು ಬಿಟ್ಟುಹೋಗುತ್ತವೆ. ಬೊಲಿವಿಯಾದಲ್ಲಿ ಮಹಿಳಾ ಮೀಸಲಿನಿಂದ ಗೆದ್ದ ಸದಸ್ಯೆಯರ ಮೇಲೆ ಅವಧಿಯ ನಡುವೆಯೇ ರಾಜೀನಾಮೆ ಕೊಟ್ಟು ಪರ್ಯಾಯ ಸದಸ್ಯನಿಗೆ ಜಾಗ ಬಿಡುವಂತೆ ಒತ್ತಡ ಹಾಕುವುದು ಎಷ್ಟು ವ್ಯಾಪಕವಾಗಿತ್ತೆಂದರೆ, ಅದಕ್ಕೆಂದೇ ಕಾನೂನು ಬೇಕಾಯಿತು. ರಾಜೀನಾಮೆಗೆ ಒಪ್ಪದ ಕೌನ್ಸಿಲರ್ ಹುವಾನಾ ಕಿಸ್ಪೆ 2012ರ ಮಾರ್ಚ್‌ನಲ್ಲಿ ಕೊಲೆಯಾದರು. ಅದೇ ವರ್ಷ ಮೇ ತಿಂಗಳಲ್ಲಿ 243ನೇ ಕಾನೂನು ಬಂತು. ಬಲವಂತದ ರಾಜೀನಾಮೆ, ಸಭೆಗೆ ಬಾರದಂತೆ ತಡೆಯುವುದು, ತಪ್ಪು ಅಥವಾ ಅಪೂರ್ಣ ಮಾಹಿತಿ ಕೊಡುವುದು ಇವೆಲ್ಲ ಆ ಕಾನೂನಿನ ಪ್ರಕಾರ ರಾಜಕೀಯ ಕಿರುಕುಳ. ಖಾಲಿ ಹಾಳೆಗೆ ಸಹಿ ಪಡೆದಿಟ್ಟುಕೊಳ್ಳುವುದು, ಪ್ರಚಾರದ ಹಣ ಬಿಡುಗಡೆ ಮಾಡದೆ ಕಾಯಿಸುವುದು, ಗೆದ್ದವರ ಬದಲು ಮನೆಯವರು ಸಭೆಗೆ ಬಂದು ಕೂರುವುದು, ಇವನ್ನೂ ಪಕ್ಷದ ಪಟ್ಟಿಯಲ್ಲಿ ಹೆಸರಿಟ್ಟು ಬರೆಯಬೇಕು. ‘ಅನುಚಿತ ವರ್ತನೆ’ ಎಂದು ಸಾರಾಸಗಟಾಗಿ ಬರೆದರೆ ವಿಚಾರಣೆಯ ದಿನ ಎರಡೂ ಕಡೆಯವರು ತಮಗೆ ಬೇಕಾದ ಅರ್ಥ ಹೇಳುತ್ತಾರೆ.

2021ರಲ್ಲಿ ಬ್ರೆಜಿಲ್ 14,192ನೇ ಕಾನೂನಿನ ಮೂಲಕ ಪಕ್ಷಗಳಿಗೆ ಒಂದು ಸರಳ ಆದೇಶ ಕೊಟ್ಟಿತು: ಮಹಿಳೆಯರ ವಿರುದ್ಧದ ರಾಜಕೀಯ ಹಿಂಸೆಯನ್ನು ತಡೆಯುವ ನಿಯಮಗಳನ್ನು 120 ದಿನಗಳೊಳಗೆ ನಿಮ್ಮ ಪಕ್ಷದ ಸಂವಿಧಾನದಲ್ಲೇ ಸೇರಿಸಿ. ಇಲ್ಲಿ ಮುಖ್ಯವಾದದ್ದು ಜಾಗ. ಸುತ್ತೋಲೆಯಲ್ಲಿ ಬರೆದ ನಿಯಮವನ್ನು ಮುಂದಿನ ಅಧ್ಯಕ್ಷರು ಇನ್ನೊಂದು ಸುತ್ತೋಲೆಯಿಂದ ಅಳಿಸಬಹುದು. ಪಕ್ಷದ ಸಂವಿಧಾನ ತಿದ್ದಲು ಮಹಾಧಿವೇಶನ ಬೇಕು.

ಮೊದಲ 72 ಗಂಟೆ

ದೂರು ಬರುವ ದಾರಿ ಕನಿಷ್ಠ ಮೂರಿರಲಿ: ಒಂದು ಫೋನ್ ಸಂಖ್ಯೆ, ಒಂದು ಇಮೇಲ್ ಅಥವಾ ಆನ್‌ಲೈನ್ ಅರ್ಜಿ, ಮತ್ತೆ ಪ್ರತಿ ಪ್ರಾದೇಶಿಕ ಘಟಕದಲ್ಲೂ ತರಬೇತಿ ಪಡೆದ ಇಬ್ಬರು ಸಂಪರ್ಕ ವ್ಯಕ್ತಿಗಳು. ಇಬ್ಬರು ಯಾಕೆಂದರೆ ಒಬ್ಬರೇ ಇದ್ದರೆ ಅವರು ಯಾವುದೋ ಒಂದು ಬಣದವರಾಗಿರುತ್ತಾರೆ. ಫೋನ್ ಎತ್ತುವವರಿಗೆ ಪಕ್ಷದಲ್ಲಿ ಬೇರೆ ಹುದ್ದೆ ಇರಬಾರದು, ಮುಂದಿನ ಚುನಾವಣೆಯಲ್ಲಿ ಟಿಕೆಟ್ ಕೇಳುವುದಿಲ್ಲವೆಂದು ಬರೆದುಕೊಟ್ಟಿರಬೇಕು.

ಇಮೇಲ್ ವಿಳಾಸ ಕೊಟ್ಟು ಮರೆತುಬಿಡುವುದು ದೊಡ್ಡ ಪಕ್ಷಗಳಲ್ಲೂ ಆಗುತ್ತದೆ. ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ಯೆಹೂದಿ ದ್ವೇಷದ ದೂರುಗಳನ್ನು ಹೇಗೆ ನಿಭಾಯಿಸಲಾಯಿತು ಎಂದು ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ತನಿಖೆ ಮಾಡಿ 2020ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ದೂರಿನ ಇಮೇಲ್ ಪೆಟ್ಟಿಗೆಯನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಯಾರೂ ನೋಡುತ್ತಿರಲಿಲ್ಲ ಎಂಬುದು ಅದರಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಒಂದು. ಆದ್ದರಿಂದ ಪ್ರತಿ ದೂರಿಗೂ ಒಂದು ಸಂಖ್ಯೆ, ಬಂದ ದಿನ–ಸಮಯ, ಎರಡು ಕೆಲಸದ ದಿನಗಳೊಳಗೆ ಸ್ವೀಕೃತಿ. ಇದು ಅಧಿಕಾರಶಾಹಿಯ ಚಟದಂತೆ ಕಾಣಬಹುದು, ಆದರೆ ಸಂಖ್ಯೆಯಿಲ್ಲದ ದೂರು ಕಳೆದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಮಾತುಕತೆಯಲ್ಲಿ ಕೇಳಬೇಕಾದ್ದು ಕೆಲವೇ ಪ್ರಶ್ನೆ. ಏನಾಯಿತು? ಎಲ್ಲಿ, ಯಾವಾಗ? ಅಲ್ಲಿ ಇನ್ಯಾರಿದ್ದರು? ಈಗ ನೀವು ಸುರಕ್ಷಿತವಾಗಿದ್ದೀರಾ? ಯಾರಿಗಾದರೂ ಹೇಳಿದ್ದೀರಾ, ಸಂದೇಶ ಏನಾದರೂ ಉಳಿದಿದೆಯಾ? ಮುಂದೇನಾಗಬೇಕು ಅಂತ ನಿಮಗನಿಸುತ್ತದೆ? ಕೇಳಲೇಬಾರದ್ದು: ‘ಆಗಲೇ ಯಾಕೆ ಹೇಳಲಿಲ್ಲ?’, ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ರಿ?’, ‘ನೀವು ಯಾರ ಕಡೆಯವರು?’. ಬರೆದುಕೊಳ್ಳುವಾಗ ಅವರ ಮಾತನ್ನೇ ಬರೆಯಬೇಕು. ‘ಕೈ ಹಿಡಿದು ಕಾರಿನೊಳಗೆ ಎಳೆದರು’ ಎಂದು ಅವರು ಹೇಳಿದ್ದರೆ ಕಡತದಲ್ಲಿ ‘ದೂರುದಾರರೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪ’ ಎಂದಾಗಬಾರದು. ಕೈ ಹಿಡಿದು ಎಳೆದದ್ದು ಹಲ್ಲೆ. ಅಸಭ್ಯ ವರ್ತನೆ ಎಂದರೆ ಯಾವುದೂ ಆಗಬಹುದು. ಈ ಒಂದು ಸಾಲಿನ ತಿದ್ದುಪಡಿಯಿಂದ ಮುಂದಿನ ಇಡೀ ಕಡತದ ತೂಕ ಬದಲಾಗಿಬಿಡುತ್ತದೆ, ಅದನ್ನು ಮಾಡುವವರು ಹೆಚ್ಚಿನ ಸಲ ದುರುದ್ದೇಶದಿಂದ ಮಾಡಿರುವುದೂ ಇಲ್ಲ. ‘ಮರ್ಯಾದೆಯ ಭಾಷೆ’ ಬರೆಯುವ ಅಭ್ಯಾಸ. ಬರೆದದ್ದನ್ನು ಓದಿ ಹೇಳಿ, ತಿದ್ದಿಸಿ, ಒಂದು ಪ್ರತಿ ಅವರಿಗೇ ಕೊಡಬೇಕು.

ಲೈಂಗಿಕ ಹಲ್ಲೆಯಾಗಿದ್ದರೆ ಗಡಿಯಾರದ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಔಷಧ 72 ಗಂಟೆಗಳೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ತುರ್ತು ಗರ್ಭನಿರೋಧಕಕ್ಕೆ ಗರಿಷ್ಠ 120 ಗಂಟೆ. ಸಂಪರ್ಕ ವ್ಯಕ್ತಿಯ ಕೈಯಲ್ಲಿ ಹತ್ತಿರದ ಆಸ್ಪತ್ರೆ, ಕಾನೂನು ನೆರವು, ಸಹಾಯವಾಣಿ ಇವುಗಳ ಪಟ್ಟಿ ಮೊದಲೇ ಇರಬೇಕು. ಘಟನೆ ನಡೆದ ರಾತ್ರಿ ಹುಡುಕುತ್ತ ಕೂರುವಂತಾಗಬಾರದು. ಪೊಲೀಸರಿಗೆ ಹೋಗುವುದು ಬಿಡುವುದು ವಯಸ್ಕ ದೂರುದಾರರ ನಿರ್ಧಾರ. ಹೋಗಬೇಡಿ ಎಂದು ಪಕ್ಷ ಹೇಳುವಂತಿಲ್ಲ, ಹೋಗಿ ಎಂದು ಒತ್ತಾಯಿಸುವಂತೆಯೂ ಇಲ್ಲ. ಅಪ್ರಾಪ್ತ ವಯಸ್ಸಿನವರ ವಿಷಯ ಬೇರೆ: ಅಲ್ಲಿ ಪಕ್ಷದ ವಿಚಾರಣೆಗೆ ಕಾಯದೆ ಕಾನೂನಿನ ದಾರಿ ಹಿಡಿಯಬೇಕು. ವಿದ್ಯಾರ್ಥಿ ಘಟಕ, ಯುವ ಘಟಕಗಳಿರುವ ಪಕ್ಷಗಳು ಇದನ್ನು ಮರೆಯುವುದೇ ಹೆಚ್ಚು.

ಸಾಕ್ಷ್ಯ ಉಳಿಸಿಕೊಳ್ಳುವುದು ಈಗ ಬಹುಪಾಲು ಫೋನಿನ ಕೆಲಸ. ಸ್ಕ್ರೀನ್‌ಶಾಟ್‌ನಲ್ಲಿ ಸಂಖ್ಯೆ ಅಥವಾ ಖಾತೆಯ ಹೆಸರು, ದಿನಾಂಕ, ಮೊದಲಿನ ನಾಲ್ಕಾರು ಸಂದೇಶಗಳೂ ಕಾಣಬೇಕು. ಪೋಸ್ಟ್ ಆದರೆ ಅದರ ಪೂರ್ತಿ ಲಿಂಕ್ ಬೇಕು. ಮೂಲ ಸಂದೇಶ ಅಳಿಸಬಾರದು, ಫೋನ್ ರೀಸೆಟ್ ಮಾಡಬಾರದು, ತಾನಾಗಿ ಮಾಯವಾಗುವ ಸಂದೇಶದ ಸೆಟ್ಟಿಂಗ್ ಇದ್ದರೆ ಆ ದಿನವೇ ಅದನ್ನು ನಿಲ್ಲಿಸಬೇಕು. ಆರೋಪಿಯೇ ಗ್ರೂಪಿನ ಅಡ್ಮಿನ್ ಆಗಿದ್ದರೆ ಇದಕ್ಕೆ ಕಾಲಾವಕಾಶ ಬಹಳ ಕಡಿಮೆ.

ಅದೇ 72 ಗಂಟೆಗಳಲ್ಲಿ ತಾತ್ಕಾಲಿಕ ಕ್ರಮದ ತೀರ್ಮಾನವೂ ಆಗಬೇಕು. ಇದು ತೀರ್ಪಲ್ಲ ಎಂದು ಬರೆದೇ ಕೊಡಿ. ಆರೋಪಿತರು ದೂರುದಾರರಿರುವ ಕಾರ್ಯಕ್ರಮಕ್ಕೆ ಬರುವಂತಿಲ್ಲ, ಗ್ರೂಪಿನ ಅಡ್ಮಿನ್ ಸ್ಥಾನ ಬಿಡಬೇಕು, ಸದಸ್ಯರ ಫೋನ್ ಸಂಖ್ಯೆ–ವಿಳಾಸಗಳ ದತ್ತಾಂಶ ನೋಡುವ ಅವಕಾಶ ತಾತ್ಕಾಲಿಕವಾಗಿ ನಿಲ್ಲುತ್ತದೆ. ಕೊನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಪಕ್ಷದ ದತ್ತಾಂಶದಲ್ಲಿ ಪ್ರತಿ ಕಾರ್ಯಕರ್ತೆಯ ಮನೆಯ ವಿಳಾಸವಿದೆ. ಸರಿಯುವವರು ಆರೋಪಿತರಾಗಿರಬೇಕು, ‘ಸ್ವಲ್ಪ ದಿನ ನೀವೇ ಬರಬೇಡಿ, ವಿಷಯ ತಣ್ಣಗಾಗಲಿ’ ಎಂದು ದೂರು ಕೊಟ್ಟವರಿಗೆ ಹೇಳಿದ ಪಕ್ಷ ಅಲ್ಲಿಗೇ ಪ್ರತೀಕಾರ ಶುರುಮಾಡಿದೆ ಎಂದರ್ಥ.

ವಿಚಾರಣೆ, ಮತ್ತು ಮೇಲಿನಿಂದ ಬರುವ ಫೋನ್

ಆ ಬ್ರಿಟಿಷ್ ವರದಿಗೇ ಮರಳೋಣ. ಆಯೋಗ ಮಾದರಿಯಾಗಿ ಪರಿಶೀಲಿಸಿದ 70 ಕಡತಗಳಲ್ಲಿ ನಾಯಕರ ಕಚೇರಿ ಮತ್ತಿತರರು ಕೈಯಾಡಿಸಿದ 23 ನಿದರ್ಶನಗಳು ಸಿಕ್ಕವು. ಯಾರನ್ನು ಅಮಾನತು ಮಾಡಬೇಕು, ಯಾವ ದೂರನ್ನು ತನಿಖೆಗೆ ತೆಗೆದುಕೊಳ್ಳಬೇಕು ಎಂಬಂಥ ತೀರ್ಮಾನಗಳಲ್ಲೂ ಈ ಹಸ್ತಕ್ಷೇಪ ನಡೆದಿತ್ತು. ಒಳ್ಳೆಯ ಉದ್ದೇಶದಿಂದ, ಕೆಲಸ ಬೇಗ ಆಗಲಿ ಎಂದು ಕೈಹಾಕಿದರೂ ಫಲ ಒಂದೇ: ಪ್ರಕ್ರಿಯೆಯ ಮೇಲಿನ ನಂಬಿಕೆ ಹೋಗುತ್ತದೆ. ಅದೇ ದೇಶದ ಸಂಸತ್ತು 2020ರಲ್ಲಿ, ಸಂಸದರೇ ಆರೋಪಿತರಾದ ದಬ್ಬಾಳಿಕೆ ಮತ್ತು ಲೈಂಗಿಕ ಕಿರುಕುಳದ ಪ್ರಕರಣಗಳಲ್ಲಿ ಶಿಕ್ಷೆ ನಿರ್ಧರಿಸಲು ಒಬ್ಬ ಸಂಸದರೂ ಇಲ್ಲದ ಸ್ವತಂತ್ರ ತಜ್ಞರ ಮಂಡಳಿ ರಚಿಸಿತು. ಪಕ್ಷಗಳು ಅನುಕರಿಸಬೇಕಾದ ಮಾದರಿ ಇದು.

ಸಣ್ಣ ಪಕ್ಷಕ್ಕೂ ಇದು ಸಾಧ್ಯ. ಒಂಬತ್ತು ಜನರ ಪಟ್ಟಿ ಮಾಡಿಕೊಳ್ಳಿ: ನಿವೃತ್ತ ನ್ಯಾಯಾಧೀಶರು, ವಕೀಲರು, ಆಪ್ತ ಸಮಾಲೋಚಕರು, ಮಹಿಳಾ ಸಂಘಟನೆಗಳಲ್ಲಿ ಕೆಲಸ ಮಾಡಿದವರು. ಅರ್ಧಕ್ಕಿಂತ ಹೆಚ್ಚು ಮಹಿಳೆಯರು, ಮೂರರಲ್ಲಿ ಎರಡು ಭಾಗ ಪಕ್ಷದ ಹೊರಗಿನವರು. ಪ್ರತಿ ದೂರಿಗೆ ಸರದಿಯಂತೆ ಮೂವರ ಮಂಡಳಿ ಕೂರುತ್ತದೆ, ಆರೋಪಿತರ ಜೊತೆ ವ್ಯವಹಾರ, ಬಂಧುತ್ವ, ಬಣದ ನಂಟು ಇಲ್ಲ ಎಂದು ಮೂವರೂ ಬರೆದು ಸಹಿ ಮಾಡುತ್ತಾರೆ. ಅವಧಿ ಮೂರು ವರ್ಷ, ನಡುವೆ ತೆಗೆಯಲು ಅಧ್ಯಕ್ಷರಿಗೆ ಅಧಿಕಾರವಿಲ್ಲ. ಮೇಲಿನಿಂದ ಫೋನ್ ಬಂದರೆ ಏನು ಮಾಡಬೇಕು ಎಂಬುದಕ್ಕೂ ನಿಯಮ ಬೇಕು: ಯಾರು, ಯಾವಾಗ, ಏನು ಹೇಳಿದರು ಎಂದು ಅದೇ ದಿನ ಕಡತದಲ್ಲಿ ದಾಖಲಾಗಬೇಕು. ಫೋನ್ ಮಾಡಿದರೆ ಕಡತಕ್ಕೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಫೋನ್‌ಗಳು ಕಡಿಮೆಯಾಗುತ್ತವೆ.

ಸಾಬೀತಿನ ಮಟ್ಟ ‘ಎರಡರಲ್ಲಿ ಯಾವುದು ನಡೆದಿರುವ ಸಾಧ್ಯತೆ ಹೆಚ್ಚು’ ಎಂಬುದು. ‘ಸಂಶಯಾತೀತ’ ಎನ್ನುವುದು ಜೈಲಿಗೆ ಕಳಿಸುವ ನ್ಯಾಯಾಲಯಕ್ಕೆ. ಪಕ್ಷ ಕೊಡುತ್ತಿರುವ ಶಿಕ್ಷೆ ಒಂದು ಹುದ್ದೆಯದು, ಒಂದು ಟಿಕೆಟ್ಟಿನದು. ಆರೋಪಿತರಿಗೆ ಆರೋಪದ ಪ್ರತಿ, ಉತ್ತರಿಸಲು ಹತ್ತು ದಿನ, ತಮ್ಮ ಸಾಕ್ಷಿಗಳನ್ನು ಹೇಳುವ ಅವಕಾಶ ಖಂಡಿತ ಬೇಕು. ಇವನ್ನು ಬಿಟ್ಟು ಅವಸರದಲ್ಲಿ ಉಚ್ಚಾಟಿಸಿದರೆ ಆರೋಪಿತರು ನ್ಯಾಯಾಲಯಕ್ಕೆ ಹೋಗಿ ಕಾರ್ಯವಿಧಾನದ ಲೋಪ ತೋರಿಸಿ ತಡೆಯಾಜ್ಞೆ ತರುತ್ತಾರೆ, ಹೊರಗೆ ಬಂದು ‘ನಿರ್ದೋಷಿ ಎಂದು ಸಾಬೀತಾಯಿತು’ ಎಂದು ಹಾರ ಹಾಕಿಸಿಕೊಳ್ಳುತ್ತಾರೆ. ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುವುದು ಬೇಡ. ಪ್ರಶ್ನೆಗಳನ್ನು ಬರೆದು ಕೊಟ್ಟರೆ ಮಂಡಳಿಯೇ ಕೇಳುತ್ತದೆ.

‘ಇದು ವಿರೋಧಿ ಬಣದ ಷಡ್ಯಂತ್ರ’ ಎಂಬ ಪ್ರತಿವಾದ ಪ್ರತಿ ಸಲ ಬರುತ್ತದೆ. ಕೆಲವು ಸಲ ಅದರಲ್ಲಿ ಅಷ್ಟಿಷ್ಟು ಸತ್ಯವೂ ಇರುತ್ತದೆ. ನಿಜವಾಗಿ ನಡೆದ ಕಿರುಕುಳವನ್ನು ಎದುರಿನ ಬಣ ತನಗೆ ಬೇಕಾದ ಹೊತ್ತಿಗೆ ಹೊರತೆಗೆಯುತ್ತದೆ. ದೂರು ಹೊರಬಂದ ಹೊತ್ತು ಅನುಮಾನಾಸ್ಪದ ಎಂದಮಾತ್ರಕ್ಕೆ ಘಟನೆ ಸುಳ್ಳಾಗುವುದಿಲ್ಲ. ಮಂಡಳಿ ಕೇಳಬೇಕಾದ್ದು ಘಟನೆ ನಡೆಯಿತೇ ಎಂಬುದನ್ನು. ದೂರನ್ನು ಹೊರಗೆ ತಂದವರ ಲಾಭ ಯಾವುದು ಎಂಬುದು ಪ್ರತ್ಯೇಕ ವಿಷಯ, ಬೇಕಿದ್ದರೆ ಶಿಸ್ತು ಸಮಿತಿ ನೋಡಿಕೊಳ್ಳಲಿ.

ಸೋರಿಕೆ ತಡೆಯಲು ಕಡತದ ಪ್ರತಿಗಳಿಗೆ ಸಂಖ್ಯೆ ಹಾಕಿ, ಪ್ರತಿ ಪುಟದ ಮೇಲೂ ಓದುವವರ ಹೆಸರನ್ನು ತಿಳಿಯಾಗಿ ಅಚ್ಚಾಗಿಸಿ. ಮಾಧ್ಯಮಕ್ಕೆ ಮಾತಾಡುವವರು ಒಬ್ಬರೇ. ಹೇಳಬೇಕಾದ್ದು ಮೂರು ವಾಕ್ಯ: ದೂರು ಬಂದಿದೆ, ಸ್ವತಂತ್ರ ಮಂಡಳಿ ವಿಚಾರಣೆ ಮಾಡುತ್ತಿದೆ, ಇಂಥ ದಿನದೊಳಗೆ ತೀರ್ಮಾನ ಬರುತ್ತದೆ. ‘ಅವರು ಪಕ್ಷಕ್ಕಾಗಿ ದುಡಿದ ಹಿರಿಯರು’ ಎಂಬ ನಾಲ್ಕನೆಯ ವಾಕ್ಯ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಬೇಕು.

‘ಚುನಾವಣೆ ಮುಗೀಲಿ’

ಪಕ್ಷಗಳಲ್ಲಿ ಹೆಚ್ಚಿನ ದೂರುಗಳು ಸಾಯುವುದು ಈ ಎರಡು ಪದಗಳಿಂದ. ಚುನಾವಣೆ ಯಾವತ್ತೂ ಮುಗಿಯುವುದಿಲ್ಲ. ಒಂದು ಮುಗಿದರೆ ಸ್ಥಳೀಯ ಸಂಸ್ಥೆಯದು, ಅದಾದ ಮೇಲೆ ಉಪಚುನಾವಣೆ, ಆಮೇಲೆ ಪಕ್ಷದ್ದೇ ಆಂತರಿಕ ಚುನಾವಣೆ. ಆದ್ದರಿಂದ ನಿಯಮಾವಳಿಯಲ್ಲಿ ತದ್ವಿರುದ್ಧದ ಗಡುವು ಇರಬೇಕು. ಮಾಮೂಲಿ ದಿನಗಳಲ್ಲಿ 60ರಿಂದ 90 ದಿನ, ಚುನಾವಣೆ ಘೋಷಣೆಯಾದ ಮೇಲೆ ಬಂದ ದೂರಿಗೆ ಪ್ರಾಥಮಿಕ ತೀರ್ಮಾನ ಏಳು ದಿನದಲ್ಲಿ. ಆರೋಪಿತರು ಟಿಕೆಟ್ ಆಕಾಂಕ್ಷಿಯಾಗಿದ್ದರೆ ಆ ಕ್ಷೇತ್ರದ ಹೆಸರು ಪ್ರಕಟಿಸುವ ಮೊದಲೇ ಆ ತೀರ್ಮಾನ ಬರಬೇಕು.

ಮೆಕ್ಸಿಕೋ ಇದನ್ನು ಬಾಗಿಲಲ್ಲೇ ತಡೆಯುತ್ತದೆ. ಅಲ್ಲಿನ ಚುನಾವಣಾ ಸಂಸ್ಥೆ 2020ರಲ್ಲಿ ತಂದ ‘ಮೂರಕ್ಕೆ ಮೂರು’ ನಿಯಮದಂತೆ ಆಕಾಂಕ್ಷಿಗಳು ಮೂರು ವಿಷಯಗಳಲ್ಲಿ ಸಹಿ ಮಾಡಿ ಘೋಷಿಸಬೇಕು: ಕೌಟುಂಬಿಕ ಅಥವಾ ಲಿಂಗಾಧಾರಿತ ಹಿಂಸೆಗಾಗಿ ಶಿಕ್ಷೆಯಾಗಿಲ್ಲ, ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿಲ್ಲ, ಜೀವನಾಂಶ ಬಾಕಿ ಉಳಿಸಿಕೊಂಡಿಲ್ಲ. 2023ರಲ್ಲಿ ಇದು ದೇಶದ ಸಂವಿಧಾನಕ್ಕೇ ಸೇರಿತು. ಮಹಿಳೆಯರ ವಿರುದ್ಧ ರಾಜಕೀಯ ಹಿಂಸೆ ನಡೆಸಿ ದಂಡನೆಗೊಳಗಾದವರ ಸಾರ್ವಜನಿಕ ನೋಂದಣಿಯೂ ಅಲ್ಲಿದೆ. ಪಕ್ಷ ತನ್ನ ಮಟ್ಟದಲ್ಲಿ ಇದನ್ನೇ ಮಾಡಬಹುದು: ಟಿಕೆಟ್ ಅರ್ಜಿಯ ಜೊತೆ ಘೋಷಣಾ ಪತ್ರ, ಸುಳ್ಳೆಂದು ಗೊತ್ತಾದರೆ ಯಾವ ಹಂತದಲ್ಲಾದರೂ ಬೆಂಬಲ ವಾಪಸ್.

ಶಿಕ್ಷೆಯ ವಿಷಯದಲ್ಲಿ ಒಂದು ಮಾತು. ಎಚ್ಚರಿಕೆ ಪತ್ರ, ಹುದ್ದೆಯಿಂದ ತೆಗೆಯುವುದು, ಒಂದು ಅಥವಾ ಎರಡು ಚುನಾವಣೆಗೆ ಟಿಕೆಟ್ ಇಲ್ಲ, ಅಮಾನತು, ಉಚ್ಚಾಟನೆ ಎಂಬ ಮೆಟ್ಟಿಲುಗಳಲ್ಲಿ ನಡುವಿನದಕ್ಕೆ ಹೆಚ್ಚು ಬೆಲೆ. ಅಮಾನತನ್ನು ಮೂರು ತಿಂಗಳಲ್ಲಿ ಸದ್ದಿಲ್ಲದೆ ಹಿಂತೆಗೆದುಕೊಳ್ಳಬಹುದು, ಉಚ್ಚಾಟಿತರನ್ನು ಮುಂದಿನ ಸಮಾವೇಶದಲ್ಲಿ ಶಾಲು ಹೊದಿಸಿ ವಾಪಸ್ ಕರೆದುಕೊಳ್ಳಬಹುದು. ತಪ್ಪಿಹೋದ ಟಿಕೆಟ್ ಮಾತ್ರ ಐದು ವರ್ಷ ವಾಪಸ್ ಬರುವುದಿಲ್ಲ. ಇನ್ನೊಂದು ತಂತ್ರ ರಾಜೀನಾಮೆ: ತೀರ್ಮಾನ ಬರುವ ಹಿಂದಿನ ದಿನ ಸದಸ್ಯತ್ವ ಬಿಡುವುದು, ‘ಸದಸ್ಯರೇ ಅಲ್ಲವಲ್ಲ’ ಎಂದು ಕಡತ ಮುಚ್ಚಿಸುವುದು, ವರ್ಷದ ನಂತರ ಬೇರೆ ಜಿಲ್ಲೆಯಲ್ಲಿ ಹೊಸ ಸದಸ್ಯತ್ವ. ಘಟನೆ ನಡೆದಾಗ ಸದಸ್ಯರಾಗಿದ್ದರೆ ರಾಜೀನಾಮೆಯ ನಂತರವೂ ವಿಚಾರಣೆ ಪೂರ್ತಿಯಾಗುತ್ತದೆ, ತೀರ್ಮಾನ ಕೇಂದ್ರದ ದಾಖಲೆಯಲ್ಲಿ ಉಳಿಯುತ್ತದೆ, ಮರುಸೇರ್ಪಡೆಗೆ ಮಂಡಳಿಯ ಒಪ್ಪಿಗೆ ಬೇಕು ಎಂಬ ಮೂರು ಷರತ್ತು ಇದನ್ನು ಮುಚ್ಚುತ್ತವೆ. ಹಣ ಕೊಟ್ಟು ಬಾಯಿ ಮುಚ್ಚಿಸುವ ಒಪ್ಪಂದಗಳಿಗೆ ಪಕ್ಷದ ಖಜಾಂಚಿ ಸಹಿ ಹಾಕುವಂತಿಲ್ಲ ಎಂಬುದನ್ನೂ ಸೇರಿಸಿ.

ತಡೆಯುವ ಕೆಲಸ ಪ್ರಚಾರದ ವೇಳಾಪಟ್ಟಿಯಲ್ಲೇ ಶುರುವಾಗುತ್ತದೆ. ಪ್ರವಾಸದಲ್ಲಿ ಕೊಠಡಿ ಕಾಯ್ದಿರಿಸುವುದು ನಾಯಕರ ಆಪ್ತ ಸಹಾಯಕರ ಕೆಲಸವಾಗಬಾರದು, ಕಚೇರಿಯ ಕೆಲಸವಾಗಬೇಕು. ಮಾತುಕತೆ ಮಲಗುವ ಕೋಣೆಯಲ್ಲಿ ನಡೆಯುವುದಿಲ್ಲ. ಮನೆ ಮನೆ ಪ್ರಚಾರ ಇಬ್ಬಿಬ್ಬರಾಗಿ, ರಾತ್ರಿ ಕೊನೆಯ ಸಭೆಯ ನಂತರ ಕಾರ್ಯಕರ್ತೆಯರನ್ನು ಮನೆ ಮುಟ್ಟಿಸುವ ವಾಹನದ ಖರ್ಚು ಪ್ರಚಾರದ ಬಜೆಟ್ಟಿನಲ್ಲೇ ಇರಬೇಕು. ಬಜೆಟ್ಟಿನಲ್ಲಿ ಇಲ್ಲದ ವಾಹನಕ್ಕೆ ‘ನಾನೇ ಬಿಡ್ತೀನಿ ಬನ್ನಿ’ ಎನ್ನುವವರು ಯಾವಾಗಲೂ ಸಿಗುತ್ತಾರೆ.

ಬೀದಿಯ ಹಿಂಸೆ

ಹೊರಗಿನ ಹಿಂಸೆಗೆ ಪಕ್ಷಗಳು ಕೊಡುವ ವಿವರಣೆ ‘ಉದ್ರಿಕ್ತ ಕಾರ್ಯಕರ್ತರು’. ಉದ್ರೇಕಕ್ಕೆ ಲಾರಿ ಬಾಡಿಗೆ ಕೊಟ್ಟವರು ಯಾರು ಎಂದು ಕೇಳಿದರೆ ಕಥೆ ಬೇರೆಯಾಗುತ್ತದೆ. ಘಾನಾದಲ್ಲಿ ದೊಡ್ಡ ಪಕ್ಷಗಳೆರಡರ ಜೊತೆಗೂ ಗುರುತಿಸಿಕೊಂಡ ಖಾಸಗಿ ‘ಕಾವಲು ಪಡೆ’ಗಳು ಬೆಳೆದುಬಿಟ್ಟಿದ್ದವು. 2019ರ ಜನವರಿಯಲ್ಲಿ ಅಯವಾಸೊ ವೆಸ್ಟ್ ವುಗಾನ್ ಉಪಚುನಾವಣೆಯ ದಿನ ನಡೆದ ಹಿಂಸೆಯ ನಂತರ ವಿಚಾರಣಾ ಆಯೋಗ ಕೂತಿತು, ಅದೇ ವರ್ಷ ಇಂಥ ಪಡೆಗಳನ್ನು ನಿಷೇಧಿಸಿ ಕನಿಷ್ಠ 10, ಗರಿಷ್ಠ 25 ವರ್ಷ ಸೆರೆವಾಸದ ಕಾನೂನು ಬಂತು. ಪಕ್ಷದೊಳಗೆ ಮಾಡಬೇಕಾದ ಕೆಲಸ ಹೆಚ್ಚು ನೀರಸವಾದದ್ದು: ‘ಭದ್ರತೆ’, ‘ಯುವಕರ ಖರ್ಚು’ ಎಂಬ ತಲೆಬರಹದಲ್ಲಿ ನಗದು ಪಾವತಿ ನಿಲ್ಲಿಸುವುದು, ಪ್ರತಿ ಸ್ವಯಂಸೇವಕರಿಗೂ ಹೆಸರು ಮತ್ತು ಸಂಖ್ಯೆಯಿರುವ ಬ್ಯಾಡ್ಜ್ ಕೊಡುವುದು. ಹೆಸರು ಎದೆಯ ಮೇಲಿದ್ದರೆ ಕಲ್ಲು ಎತ್ತುವುದು ಕಷ್ಟ.

ದಕ್ಷಿಣ ಆಫ್ರಿಕಾದ 1998ರ ಚುನಾವಣಾ ಕಾಯ್ದೆಯ ನೀತಿ ಸಂಹಿತೆ ಸಭೆ–ಮೆರವಣಿಗೆಗಳಲ್ಲಿ ಆಯುಧ ಹಿಡಿಯುವುದನ್ನು ನಿಷೇಧಿಸುತ್ತದೆ, ಕಾರ್ಯಕ್ರಮಗಳ ಬಗ್ಗೆ ಪಕ್ಷಗಳು ಒಂದಕ್ಕೊಂದು ಮೊದಲೇ ತಿಳಿಸಬೇಕು ಎನ್ನುತ್ತದೆ. ಮೀರಿದರೆ ಪಕ್ಷಕ್ಕೆ ಬಿದ್ದ ಮತಗಳ ಸಂಖ್ಯೆಯನ್ನೇ ಇಳಿಸುವ ಅಧಿಕಾರ ಚುನಾವಣಾ ನ್ಯಾಯಾಲಯಕ್ಕಿದೆ. ಎದುರಾಳಿ ಪಕ್ಷದ ಸಂಘಟಕರ ಫೋನ್ ಸಂಖ್ಯೆ ನಮ್ಮ ಸಂಘಟಕರ ಬಳಿ ಇರುವುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಎರಡು ಮೆರವಣಿಗೆಗಳು ಒಂದೇ ವೃತ್ತದಲ್ಲಿ ಎದುರಾಗುವುದನ್ನು ತಪ್ಪಿಸುವುದು ಆ ಒಂದು ಕರೆ. ಬಾವುಟಕ್ಕೆ ತೆಳುವಾದ ಟೊಳ್ಳು ಕೊಳವೆ ಸಾಕು, ದೊಣ್ಣೆ ಬೇಡ. ನೂರು ಜನಕ್ಕೆ ಒಬ್ಬ ಸ್ವಯಂಸೇವಕರು ಕನಿಷ್ಠ, ಅದರಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರು. ಸಭೆ ಮುಗಿದು ಜನ ಚದುರುವ ಹೊತ್ತು ಹೆಚ್ಚು ಅಪಾಯದ್ದು. ನಾಯಕರ ಕಾರು ಹೊರಟ ಕೂಡಲೇ ಸ್ವಯಂಸೇವಕರೂ ಮಾಯವಾಗುತ್ತಾರೆ, ಹೊರದಾರಿಯಲ್ಲಿ ನಿಲ್ಲಬೇಕಾದವರು ಆಗಲೇ ಬೇಕಾಗಿರುವುದು.

ಆನ್‌ಲೈನ್ ದಾಳಿಗೆ ಕೆಲವೇ ಮಾತು. ಅಂತರ ಸಂಸದೀಯ ಒಕ್ಕೂಟ 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿದಾಗ ಶೇ 81.8ರಷ್ಟು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಕೊಲೆ, ಅತ್ಯಾಚಾರ, ಹಲ್ಲೆ ಅಥವಾ ಅಪಹರಣದ ಬೆದರಿಕೆ ಎದುರಿಸಿದವರು ಶೇ 44.4. ಬೈಗುಳವನ್ನು ಓದಿ ದಾಖಲಿಸುವ ಕೆಲಸ ಬೈಗುಳ ತಿನ್ನುತ್ತಿರುವವರದೇ ಆಗಬಾರದು; ಪಕ್ಷದ ಸಾಮಾಜಿಕ ಜಾಲತಾಣ ತಂಡದ ಇಬ್ಬರು ಸರದಿಯಲ್ಲಿ ಮಾಡಲಿ. ಮನೆ ವಿಳಾಸ ಅಥವಾ ಮಕ್ಕಳ ಶಾಲೆಯ ಹೆಸರು ಕಾಣಿಸಿಕೊಂಡರೆ ಗಂಟೆಯೊಳಗೆ ಪೊಲೀಸರಿಗೆ. ಬೈಯುತ್ತಿರುವುದು ನಮ್ಮದೇ ತಂಡವಾಗಿದ್ದರೆ? ಆಗ ಪಕ್ಷದ ಅಧಿಕೃತ ಖಾತೆಗಳು ಅಂಥ ಖಾತೆಗಳನ್ನು ಹಿಂಬಾಲಿಸುವುದು ನಿಲ್ಲಬೇಕು, ತಂಡದ ಗ್ರೂಪುಗಳಲ್ಲಿ ‘ಇವರನ್ನು ವಿಚಾರಿಸಿಕೊಳ್ಳಿ’ ಎಂಬ ಸಂದೇಶ ಹಾಕಿದವರ ವಿರುದ್ಧ ಮೇಲೆ ಹೇಳಿದ ಅದೇ ವಿಚಾರಣೆ ನಡೆಯಬೇಕು. ಸಂದೇಶ ಹಾಕಿದವರಿಗೆ ಸಂಬಳ ಪಕ್ಷದಿಂದಲೇ ಹೋಗುತ್ತಿದ್ದರೆ ‘ನಮಗೂ ಅವರಿಗೂ ಸಂಬಂಧವಿಲ್ಲ’ ಎಂಬ ಹೇಳಿಕೆ ಬರೆಯುವ ಶ್ರಮ ಉಳಿಸಬಹುದು.

ವರ್ಷಕ್ಕೊಮ್ಮೆ ಅಂಕಿ ಪ್ರಕಟಿಸಬೇಕು: ಎಷ್ಟು ದೂರು ಬಂದವು, ಎಷ್ಟು ಗಡುವಿನೊಳಗೆ ಮುಗಿದವು, ಎಷ್ಟರಲ್ಲಿ ತಪ್ಪು ಕಂಡುಬಂತು, ಯಾವ ಶಿಕ್ಷೆ, ಎಷ್ಟು ಮಂದಿ ದೂರು ಹಿಂಪಡೆದರು. ಹೆಸರು, ಊರು, ಹುದ್ದೆ ಬೇಡ. ಹಿಂಪಡೆದವರ ಸಂಖ್ಯೆಯ ಮೇಲೆ ಕಣ್ಣಿಡಿ. ಯಾವುದಾದರೂ ಘಟಕದಲ್ಲಿ ಅದು ಏರಿದ್ದರೆ ಅಲ್ಲಿ ಯಾರೋ ಮನೆಗೆ ಹೋಗಿ ‘ಮಾತಾಡಿ’ ಬರುತ್ತಿದ್ದಾರೆ. ವ್ಯವಸ್ಥೆ ಶುರುವಾದ ಮೊದಲ ವರ್ಷ ದೂರುಗಳು ಏರುತ್ತವೆ. ಆಸ್ಟ್ರೇಲಿಯಾದ ಸಂಸದೀಯ ಕಚೇರಿಗಳ ಬಗ್ಗೆ 2021ರಲ್ಲಿ ಬಂದ ವರದಿಯ ಪ್ರಕಾರ ಅಲ್ಲಿ ಕೆಲಸ ಮಾಡಿದವರಲ್ಲಿ ಮೂವರಲ್ಲಿ ಒಬ್ಬರಿಗೆ ಲೈಂಗಿಕ ಕಿರುಕುಳವಾಗಿತ್ತು, ಅದನ್ನು ವರದಿ ಮಾಡಿದ್ದವರು ಶೇ 11 ಮಾತ್ರ. ಬಾಗಿಲು ತೆರೆದಾಗ ಒಳಗೆ ಬರುವವರು ಉಳಿದವರು. ಮರುದಿನದ ಪತ್ರಿಕೆಯಲ್ಲಿ ‘ಪಕ್ಷದಲ್ಲಿ ಕಿರುಕುಳ ದುಪ್ಪಟ್ಟು’ ಎಂದು ಬರುತ್ತದೆ, ಎದುರಾಳಿಗಳು ಅದನ್ನೇ ಹಿಡಿದು ಕುಣಿಯುತ್ತಾರೆ, ಒಳಗಿನಿಂದ ‘ಪ್ರಕಟಿಸಬಾರದಿತ್ತು’ ಎಂಬ ಗೊಣಗಾಟ ಕೇಳುತ್ತದೆ. ಆ ದಿನ ಏನು ಹೇಳಬೇಕೆಂಬುದನ್ನು ವಕ್ತಾರರಿಗೆ ಆರು ತಿಂಗಳು ಮೊದಲೇ ಬರೆದುಕೊಟ್ಟಿರಬೇಕು, ಎರಡನೆಯ ವರ್ಷದ ವರದಿಯ ಪ್ರಕಟಣೆಯ ದಿನಾಂಕವನ್ನೂ ಅದೇ ಹೇಳಿಕೆಯಲ್ಲಿ ಸೇರಿಸಿ.